ನೆರೆಯ ರಾತ್ರಿ ನಿಮ್ಮ ಟ್ರ್ಯಾಕ್ಟರ್ ಕೇಳಿದರೆ

ಕೃಷ್ಣೆಗೆ ನೆರೆ ಬಂದರೆ ನದಿದಂಡೆಯ ಊರುಗಳಲ್ಲಿ ಮೊದಲು ಹುಡುಕಾಟ ಶುರುವಾಗುವುದು ಟ್ರ್ಯಾಕ್ಟರಿಗೆ, ದೋಣಿಗೆ, ಜನರನ್ನು ಇಳಿಸಲು ಒಂದು ಕಲ್ಯಾಣ ಮಂಟಪಕ್ಕೆ. ನಡುರಾತ್ರಿ ಬಾಗಿಲು ತಟ್ಟಿದವರು 'ಡಿ.ಸಿ. ಸಾಹೇಬರ ಆದೇಶ, ಗಾಡಿ ತೆಗೀರಿ' ಎನ್ನುತ್ತಾರೆ. ಕೊಡಲೇಬೇಕೇ?

ಕೊಡಬೇಕು. ಆದರೆ ಆ ಆದೇಶ ಕಾಗದದ ಮೇಲಿರಬೇಕು.

ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಸ್ತೆ ಬಂದ್ ಮಾಡುವುದು, ಅಪಾಯದ ಜಾಗಕ್ಕೆ ಯಾರೂ ಹೋಗದಂತೆ ತಡೆಯುವುದು, ಬೀಳುವಂತಿರುವ ಕಟ್ಟಡ ಕೆಡವುವುದು ಇವೆಲ್ಲ 34ನೇ ಕಲಮಿನಲ್ಲಿ ಬರುತ್ತವೆ. ಖಾಸಗಿ ವಾಹನ, ಕಟ್ಟಡ, ಸಾಮಗ್ರಿ ವಶಕ್ಕೆ ಪಡೆಯುವ ಅಧಿಕಾರ 65ನೇ ಕಲಮಿನದು. ಪ್ರಾಧಿಕಾರ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶದಿಂದ ಮಾತ್ರ ಅದನ್ನು ಚಲಾಯಿಸಬಹುದು. ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುವಂತೆಯೂ ಇಲ್ಲ.

ನೀರು ಹೊಸ್ತಿಲಿಗೆ ಬಂದಿರುವಾಗ 'ಕಾಗದ ತೋರಿಸಿ' ಎಂದು ಹಟ ಹಿಡಿಯುವವನ ಪಕ್ಷ ನಾನು ವಹಿಸಲಾರೆ. ಗಾಡಿ ಕಳಿಸಿ, ಬೆಳಗಾದ ಮೇಲೆ ತಹಶೀಲ್ದಾರರ ಕಚೇರಿಯಲ್ಲಿ ಆದೇಶದ ಪ್ರತಿ ಕೇಳಿ. ಗಾಡಿ ಹೋದ ದಿನ, ಹೊತ್ತು, ಮೀಟರಿನ ಅಂಕಿ, ಒಯ್ದವರ ಹೆಸರು, ಹುದ್ದೆ ಬರೆದಿಡಿ. ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದುಕೊಳ್ಳಿ. ಸಕಾರಣವಿಲ್ಲದೆ ಅಡ್ಡಿಪಡಿಸಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅದರಿಂದ ಜೀವಹಾನಿಯಾದರೆ ಜೈಲು ಎರಡು ವರ್ಷದವರೆಗೆ.

ಪರಿಹಾರ 66ನೇ ಕಲಮಿನಲ್ಲಿದೆ. ವಾಹನಕ್ಕೆ ಆ ಭಾಗದಲ್ಲಿ ನಡೆಯುವ ಬಾಡಿಗೆ ದರವೇ ಅಳತೆ. ಕಟ್ಟಡಕ್ಕೂ ಸ್ಥಳೀಯ ಬಾಡಿಗೆ ನೋಡುತ್ತಾರೆ. ನೀವು ಮನೆಯನ್ನೋ ಅಂಗಡಿಯನ್ನೋ ಬೇರೆಡೆ ಸಾಗಿಸಬೇಕಾಗಿ ಬಂದರೆ ಅದರ ನ್ಯಾಯವಾದ ಖರ್ಚೂ ಲೆಕ್ಕಕ್ಕೆ ಬರುತ್ತದೆ. 'ಜನಸೇವೆಗೆ ದುಡ್ಡು ಕೇಳ್ತೀರಾ' ಎಂದು ಯಾರಾದರೂ ಮೂದಲಿಸಿದರೆ ನಾಚಬೇಕಿಲ್ಲ.

ಇದೇ ಕಾಯ್ದೆಯಡಿ 2020ರ ಮಾರ್ಚ್ 24ರಂದು ದೇಶಕ್ಕೇ ಲಾಕ್‌ಡೌನ್ ಆದೇಶ ಹೊರಟಿತ್ತು. ಆಗ ಲಾಠಿಯ ಪೆಟ್ಟು, ಬಸ್ಕಿಯ ಶಿಕ್ಷೆ ಎಷ್ಟೋ ಕಡೆ ನಡೆದವು. ಅಂಥ ಶಿಕ್ಷೆ ಈ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಆದೇಶ ಮೀರಿದವರ ಮೇಲೆ ಕೇಸು ಹಾಕಬಹುದು. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ.

ನಿಷೇಧಾಜ್ಞೆಯ ವಿಚಾರ ಬೇರೆ. ಜನರ ಬಾಯಲ್ಲಿ ಇನ್ನೂ '144' ಆಗಿಯೇ ಉಳಿದಿರುವ ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಮ್ಯಾಜಿಸ್ಟ್ರೇಟರ ಆದೇಶ ಎರಡು ತಿಂಗಳು ಮೀರುವಂತಿಲ್ಲ. ಮುಂದುವರಿಸಬೇಕೆಂದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು. ತೊಂದರೆಗೊಳಗಾದವರು ಅದನ್ನು ಬದಲಿಸಲು, ತೆಗೆಯಲು ಅರ್ಜಿ ಹಾಕಬಹುದು. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು.

ಪರಿಹಾರ ಕೇಂದ್ರದಲ್ಲಿ ಜಾತಿ, ಧರ್ಮ, ಲಿಂಗ ನೋಡಿ ಅನ್ನ ಬಡಿಸುವುದನ್ನು 61ನೇ ಕಲಮು ನಿಷೇಧಿಸುತ್ತದೆ. ವಿಪತ್ತು ಕಾಯ್ದೆಯಡಿ ಕೈಗೊಂಡ ಕ್ರಮವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಲು ಬರುವುದಿಲ್ಲ, ಹೈಕೋರ್ಟಿಗೇ ಹೋಗಬೇಕು. ಬೆಳಗಾವಿ, ಬಾಗಲಕೋಟೆಯವರಿಗೆ ಅದು ಧಾರವಾಡ ಪೀಠ. ಆದರೆ ಪರಿಹಾರದ ಮೊತ್ತ ಕಡಿಮೆಯಾಯಿತು ಎನ್ನುವುದಷ್ಟೇ ತಕರಾರಾದರೆ ಅಷ್ಟು ದೂರ ಓಡುವ ಮೊದಲು ಇನ್ನೊಂದು ದಾರಿಯಿದೆ. ರಾಜ್ಯ ಸರ್ಕಾರಕ್ಕೆ 30 ದಿನದೊಳಗೆ ಅರ್ಜಿ ಕೊಟ್ಟು, ಮಧ್ಯಸ್ಥಗಾರರಿಗೆ ಒಪ್ಪಿಸಿ ಎಂದು ಕೇಳಬಹುದು. ಮೀಟರಿನ ಅಂಕಿ ಬರೆದಿಟ್ಟ ಚೀಟಿ ಬೇಕಾಗುವುದು ಅಲ್ಲಿ.