ಹಠವೆಂದು ಬೈಯುವ ಮುಂಚೆ

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲವೆಂದರೆ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡು’ ಎಂದು ಸಮಾಧಾನ ಹೇಳುವವರಿಗೆ ನಮ್ಮ ಮನೆಗಳಲ್ಲಿ ಬರವಿಲ್ಲ. ಅವರ ಪ್ರೀತಿ ದೊಡ್ಡದೇ. ಆದರೆ ಆ ಮಾತು ನಂಬಿಕೊಂಡು ನೀವು ವರ್ಷಗಟ್ಟಲೆ ಕಾಯಬೇಡಿ. ಹೆಸರು ಹಿಡಿದು ಕರೆದರೂ ಮಗು ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ತೋರಿಸಿ ಕೇಳುವುದಿಲ್ಲ, ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋಗಿದೆ ಎಂದಾದರೆ ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಆಟಿಸಂ ಹೌದೋ ಅಲ್ಲವೋ ಎಂಬುದು ಖಚಿತವಾಗುವ ಮೊದಲೇ ಮಾತಿನ ತರಬೇತಿ ಶುರು ಮಾಡಬಹುದು. ಅದರಿಂದ ನಷ್ಟವೇನೂ ಇಲ್ಲ.

ಐದು ಬೆರಳೂ ಸಮ ಇರುವುದಿಲ್ಲ ಎಂದು ಊರಿಗೆಲ್ಲ ಹೇಳುವ ನಾವು ಮನೆಯ ಮಗುವಿನ ವಿಷಯದಲ್ಲಿ ಅದನ್ನು ಮರೆಯುತ್ತೇವೆ. ಆಟಿಸಂ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ, ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಎಲ್ಲವೂ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸಗಳು. ನರವೈವಿಧ್ಯ ಎಂದು ಈಗ ಕರೆಯುವುದು ಇದನ್ನೇ. ತಾಯಿ ಕೆಲಸಕ್ಕೆ ಹೋದದ್ದರಿಂದ ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ. ಬರುತ್ತದೆಂಬ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು, ಅಚ್ಚು ಹಾಕಿದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಮದುವೆ ಮನೆಯನ್ನೇ ನೋಡಿ. ಗಟ್ಟಿಮೇಳ ಮೊಳಗಿದ ಕೂಡಲೇ ಇಂಥ ಒಂದು ಮಗು ಕಿವಿ ಮುಚ್ಚಿಕೊಂಡು ಕುರ್ಚಿಗಳ ಕೆಳಗೆ ನುಸುಳುತ್ತದೆ. ಹೊಸ ಜರಿ ಅಂಗಿಯ ಕತ್ತುಪಟ್ಟಿ ಚುಚ್ಚುತ್ತದೆಂದು ಎಳೆದಾಡುತ್ತದೆ. ಯಾರೋ ರಟ್ಟೆ ಹಿಡಿದೆಳೆದು ‘ದೊಡ್ಡವರಿಗೆ ನಮಸ್ಕಾರ ಮಾಡು’ ಅನ್ನುತ್ತಾರೆ. ಮಗು ಕಿರುಚಿ ನೆಲದಲ್ಲಿ ಹೊರಳಾಡುತ್ತದೆ. ಮೊದಲ ಪಂಕ್ತಿ ಏಳುವುದರೊಳಗೆ, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಎಂಬ ತೀರ್ಪು ಛತ್ರವೆಲ್ಲ ಸುತ್ತಿರುತ್ತದೆ. ಆ ತೀರ್ಪು ಕೊಟ್ಟವರಲ್ಲಿ ನೀವೂ ಇದ್ದಿರಾದರೆ ಇನ್ನು ಮುಂದೆ ಬೇಡ. ಮಗುವನ್ನು ಸದ್ದಿಲ್ಲದ ಕೋಣೆಗೆ ಕರೆದೊಯ್ಯಿರಿ, ಹಳೆಯ ಹತ್ತಿ ಅಂಗಿ ಹಾಕಿ, ತಾನಾಗಿ ತಣ್ಣಗಾಗಲು ಬಿಡಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೆಂದು ಬಲವಂತ ಮಾಡಬೇಡಿ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಬೆತ್ತ ಹುಡುಕುವವರೂ ಇದ್ದಾರೆ. ಆ ಗಾದೆ ಬೇಗ ಕಲಿಸಿ ಅನ್ನುತ್ತದೆ, ಬಾರಿಸಿ ಎಂದು ಎಲ್ಲಿ ಹೇಳಿದೆ?

ಇನ್ನು ತೋರಿಸುವುದು ಎಲ್ಲಿ? ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್ ಇವೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದಲೇ ಶುರು ಮಾಡಿ. ಹೋಗುವಾಗ ಬರಿಗೈಲಿ ಹೋಗಬೇಡಿ. ತಾಯಿ ಕಾರ್ಡ್, ಹಳೆಯ ಚೀಟಿಗಳು, ಶಾಲೆಯ ನೋಟ್‌ಬುಕ್ಕುಗಳು ಜೊತೆಗಿರಲಿ. ಮನೆಯಲ್ಲಿ ಮಗು ಆಡುವಾಗ, ಊಟ ಮಾಡುವಾಗ ಫೋನಿನಲ್ಲಿ ಚಿಕ್ಕ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಕೋಣೆಯಲ್ಲಿ ಅದು ಬೇರೆಯೇ ಮಗುವಿನಂತೆ ಕೂತಿರುತ್ತದೆ. ಮತ್ತೆ, ಮಗುವಿನ ಎದುರಿಗೇ ‘ಇವನಿಗೇನೂ ಬರೋದಿಲ್ಲ ಡಾಕ್ಟ್ರೇ’ ಎನ್ನಬೇಡಿ. ಮಾತು ಬಾರದ ಮಗುವಿಗೂ ಅದು ಅರ್ಥವಾದೀತು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಥೆರಪಿ ಕೇಂದ್ರದ ಬಣ್ಣಬಣ್ಣದ ಬೋರ್ಡು ನೋಡಿ ಮುಂಗಡ ಕಟ್ಟಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೂ ವಿಶೇಷ ಶಿಕ್ಷಕರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ, ಸಂಕೋಚ ಬೇಡ. ‘ಆರು ತಿಂಗಳಲ್ಲಿ ಆಟಿಸಂ ಪೂರ್ತಿ ವಾಸಿ’ ಅನ್ನುವವರ ಮನೆ ಬಾಗಿಲಿಂದ ಹಾಗೇ ಹಿಂತಿರುಗಿ. ವಾಸಿ ಮಾಡುವ ಮಾತ್ರೆ ಇಲ್ಲ. ಸ್ಟೆಮ್ ಸೆಲ್ ಚುಚ್ಚುಮದ್ದಿಗೆಂದು ಒಡವೆ ಅಡವಿಡಬೇಡಿ; ಆಟಿಸಂಗೆ ಅದನ್ನು ಕೊಡಕೂಡದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಒಳ್ಳೆಯ ಥೆರಪಿಸ್ಟ್ ನಿಮ್ಮನ್ನು ಬಾಗಿಲಾಚೆ ಕೂರಿಸಿ ಮುಕ್ಕಾಲು ಗಂಟೆ ಮಗುವನ್ನು ಒಳಗಿಟ್ಟುಕೊಂಡು ಕಳಿಸಿಬಿಡುವುದಿಲ್ಲ. ಇವತ್ತು ಏನು ಮಾಡಿಸಿದೆ, ಮನೆಯಲ್ಲಿ ನೀವೇನು ಮಾಡಬೇಕು ಎಂದು ಹೇಳಿಕೊಡುತ್ತಾರೆ. ಮಗುವಿಗೆ ಏನು ಇಷ್ಟ ಎಂದು ಕೇಳುತ್ತಾರೆ. ಅಲ್ಲಿಗೆ ಹೊರಟಾಗಲೆಲ್ಲ ಮಗು ನಡುಗಿದರೆ ಕಾರಣ ಹುಡುಕಿ, ಬೇಕಾದರೆ ಬೇರೆಯವರನ್ನು ನೋಡಿ.

ಎಡಿಎಚ್‌ಡಿಗೆ ಮಾತ್ರೆ ಉಂಟು. ಬೇಕೋ ಬೇಡವೋ ಮನೋವೈದ್ಯರು ಹೇಳಲಿ. ಪಕ್ಕದ ಮನೆಯವರ ಮಾತು ಕೇಳಿ ನಡುವೆ ನಿಲ್ಲಿಸಬೇಡಿ. ಓದು ಬರಹ ಕಷ್ಟವಿರುವ ಮಕ್ಕಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಪರೀಕ್ಷೆಯ ಹಿಂದಿನ ತಿಂಗಳು ಓಡಾಡಬೇಡಿ. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗುವುದಿಲ್ಲ.

ಕಡೆಗೆ, ದೊಡ್ಡವರಾದ ನಿಮಗೇ ಒಂದು ಮಾತು. ಮಗುವಿನ ಬಗ್ಗೆ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಎಷ್ಟೋ ತಾಯಂದಿರಿಗೆ ತಮ್ಮ ಬಾಲ್ಯವೇ ಕಾಣುತ್ತದೆ. ಎಡಿಎಚ್‌ಡಿ ಇರುವ ಹುಡುಗಿಯರಲ್ಲಿ ಹಲವರು ಗಲಾಟೆ ಮಾಡುವುದಿಲ್ಲ, ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಹಾಗಾಗಿ ಯಾರ ಕಣ್ಣಿಗೂ ಬೀಳದೆ ‘ಮರೆಗುಳಿ’, ‘ಸೋಮಾರಿ’ ಅನ್ನಿಸಿಕೊಂಡೇ ಬೆಳೆಯುತ್ತಾರೆ. ಒಲೆ ಮೇಲೆ ಹಾಲಿಟ್ಟು ಮರೆತಿರೆಂದು, ಬಿಲ್ಲು ಕಟ್ಟುವ ದಿನ ತಪ್ಪಿತೆಂದು ಇನ್ನೂ ನಿಮ್ಮನ್ನೇ ಬೈದುಕೊಳ್ಳುತ್ತೀರಾ? ಸಾಕು ಮಾಡಿ. ಆತಂಕಕ್ಕೆ, ಬೇಸರಕ್ಕೆ ಮಾತ್ರೆ ನುಂಗುತ್ತಿದ್ದರೆ, ಈ ಮರೆವು ಚಿಕ್ಕಂದಿನಿಂದಲೂ ಇತ್ತೆಂದು ವೈದ್ಯರಿಗೆ ಬಿಡಿಸಿ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಮಗುವನ್ನು ನೋಡಿಕೊಂಡು ದಣಿದವರು ವಾರಕ್ಕೊಂದು ಸಂಜೆಯಾದರೂ ಆ ಹೊಣೆಯನ್ನು ಗಂಡನಿಗೋ ಅತ್ತೆಗೋ ಒಪ್ಪಿಸಿ ಹೊರಗೆ ಹೋಗಿ. ಕೇಳುವುದರಲ್ಲಿ ಅವಮಾನವಿಲ್ಲ. ರಾತ್ರಿ ಹೊತ್ತು ಎದೆ ಭಾರವಾಗಿ ನಿದ್ದೆ ಹತ್ತದಿದ್ದರೆ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ ಎತ್ತುತ್ತಾರೆ. ಈಗಲೇ ಆ ನಂಬರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡಿ.