ಕಣ್ಣಿಗೆ ಕಾಣದ ಗಾಯ

ಯುದ್ಧದಲ್ಲಿ ಗಾಯಗೊಂಡವನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಊರುಗೋಲು ಹಿಡಿದವನ ಚಿತ್ರ. ಆದರೆ ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಮರಳಿದ ಯೋಧನೂ ಗಾಯಾಳುವಾಗಿರಬಹುದು. ಅವನಿಗೆ ಪೆಟ್ಟು ತಗುಲಿರುವುದು ಮಿದುಳಿಗೆ.

ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮಿದುಳು ಬಹು ಮೃದುವಾದ ಅಂಗ. ತಲೆಗೆ ಏಟು ಬಿದ್ದರೆ, ವಾಹನ ಉರುಳಿದರೆ, ಹತ್ತಿರದಲ್ಲೇ ಬಾಂಬು ಸಿಡಿದರೆ ಅದು ಕುಲುಕಿ ಘಾಸಿಗೊಳ್ಳುತ್ತದೆ. ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಯನ್ನು ಮೀರದೆ, ನೆನಪಿನ ಮಸುಕು ಒಂದು ದಿನದೊಳಗೆ ತಿಳಿಯಾದರೆ ವೈದ್ಯರು ಅದನ್ನು ಸೌಮ್ಯ ಪೆಟ್ಟೆನ್ನುವರು. ಇಂಥದರಲ್ಲಿ ಸಿ.ಟಿ. ಚಿತ್ರದಲ್ಲಿಯೂ ಅನೇಕ ವೇಳೆ ಯಾವ ದೋಷವೂ ಕಾಣುವುದಿಲ್ಲ. ಚಿತ್ರ ಹೇಳದ್ದನ್ನು ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕು.

ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಲ್ಲಿ ರಸ್ತೆಬದಿಯ ಬಾಂಬುಗಳಿಗೆ ಸಿಕ್ಕಿ ಬದುಕುಳಿದವರು ಅನೇಕರು. ಆದುದರಿಂದ ಅಮೆರಿಕದ ಮಾಜಿ ಸೈನಿಕರ ಇಲಾಖೆಯು 2007ರ ಏಪ್ರಿಲ್‌ನಲ್ಲಿ ಒಂದು ಕ್ರಮವನ್ನು ಆರಂಭಿಸಿತು. ಆ ಯುದ್ಧಗಳಿಂದ ಮರಳಿ ತನ್ನ ಆಸ್ಪತ್ರೆಗೆ ಬಂದವರಿಗೆ, ಬಂದ ಕಾರಣ ಯಾವುದೇ ಇರಲಿ, ನಾಲ್ಕು ಬಗೆಯ ಪ್ರಶ್ನೆಗಳನ್ನು ಕೇಳುವುದೇ ಆ ಕ್ರಮ. ಸ್ಫೋಟ, ಅಪಘಾತ, ಬೀಳುವಿಕೆ ಮುಂತಾದುದೇನಾದರೂ ನಡೆಯಿತೆ? ಆ ಕ್ಷಣದಲ್ಲಿ ಪ್ರಜ್ಞೆ ತಪ್ಪಿತೆ, ಮಂಕು ಕವಿಯಿತೆ, ನಡೆದುದು ಮರೆತುಹೋಯಿತೆ? ಆಮೇಲೆ ಮರೆವು, ತಲೆಸುತ್ತು, ತಲೆನೋವು, ಸಿಡುಕು, ನಿದ್ರಾಹೀನತೆ, ಬೆಳಕನ್ನು ಸಹಿಸದಿರುವುದು ಮೊದಲಾದವು ತೋರಿದವೆ? ಕಳೆದ ಒಂದು ವಾರದಲ್ಲಿಯೂ ಅವು ಇದ್ದವೆ? ನಾಲ್ಕಕ್ಕೂ ಹೌದೆಂದವರನ್ನು ತಜ್ಞರ ಸಮಗ್ರ ಪರೀಕ್ಷೆಗೆ ಕಳುಹಿಸುವರು.

ಇದು ಜರಡಿಯೇ ಹೊರತು ತೀರ್ಪಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಸಿಡುಕು, ಮರೆವು, ನಿದ್ರೆಗೇಡುಗಳು ಯುದ್ಧದ ಭೀತಿಯಿಂದ ನೊಂದ ಮನಸ್ಸಿನಲ್ಲಿಯೂ ಹುಟ್ಟಬಹುದು; ಒಬ್ಬನಲ್ಲಿಯೇ ಎರಡೂ ಇರಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' ಎಂಬ ಹೆಸರಿನಡಿ ಇಂಥ ರೋಗಿಗಳನ್ನು ಕುರಿತು ಬರೆದಾಗಿನಿಂದಲೂ ಪೆಟ್ಟು ಮಿದುಳಿಗೋ ಮನಸ್ಸಿಗೋ ಎಂಬ ವಾದ ನಿಂತಿಲ್ಲ. ಇದಲ್ಲದೆ, ವರ್ಷಗಳ ಹಿಂದಿನ ಘಟನೆಯನ್ನು ನೆನಪು ಕದಡಿದವನಿಂದಲೇ ಕೇಳಿ ತಿಳಿಯಬೇಕಾಗಿದೆ.

ಹೀಗಿರಲು ಅಪಾಯವು ಎರಡು ಕಡೆಯೂ ಉಂಟು. ಜರಡಿಯ ಕಣ್ಣು ದೊಡ್ಡದಾದರೆ ನಿಜವಾದ ಗಾಯಾಳು ಜಾರಿಹೋಗುವನು; ಮನೆಯವರು ಅವನನ್ನು ಮುಂಗೋಪಿಯೆಂದೂ ಯಜಮಾನರು ಸೋಮಾರಿಯೆಂದೂ ತಿಳಿಯುವರು. ಕಣ್ಣು ತೀರ ಸಣ್ಣದಾದರೆ, ನಿದ್ರೆಗೋ ಮನಸ್ಸಿಗೋ ಚಿಕಿತ್ಸೆ ಪಡೆದು ಸುಧಾರಿಸಬಹುದಾದವನು ತನ್ನ ಮಿದುಳೇ ಕೆಟ್ಟಿತೆಂದು ಎದೆಗುಂದುವನು. ಸೌಮ್ಯ ಪೆಟ್ಟು ತಗುಲಿದವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಗುಣಹೊಂದುವರೆಂಬುದನ್ನು ಅವನಿಗೆ ಹೇಳುವುದೂ ಚಿಕಿತ್ಸೆಯ ಒಂದು ಭಾಗವೇ.

ಹಾಗೆಂದು ಕೇಳದೆಯೇ ಬಿಡಬಹುದೆ? 2020ರ ಜನವರಿ 8ರಂದು ಇರಾಕಿನ ಅಲ್ ಅಸಾದ್ ವಾಯುನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ, ಅಮೆರಿಕದ ಸೈನಿಕರಾರಿಗೂ ಗಾಯವಾಗಿಲ್ಲವೆಂದು ಮೊದಲು ಸಾರಲಾಯಿತು. ಪರೀಕ್ಷಿಸುತ್ತ ಹೋದಂತೆ 100ಕ್ಕೂ ಹೆಚ್ಚು ಮಂದಿಯ ಮಿದುಳಿಗೆ ಪೆಟ್ಟಾಗಿರುವುದು ತಿಳಿದುಬಂದಿತು. ಕೇಳದಿದ್ದರೆ ಈ ಗಾಯವು ತಿಳಿಯದು. ಕೇಳಿದ ಮಾತ್ರಕ್ಕೆ ನಿರ್ಣಯವೂ ಆಗದು. ಈ ಎರಡನ್ನೂ ಬಲ್ಲ ವೈದ್ಯನ ಮುಂದೆ ಕುಳಿತ ಯೋಧನಿಗೆ ನ್ಯಾಯ ದೊರೆಯುವುದೆಂದು ಹೇಳಬಹುದು.