ಎಂಒಟಿ ಪಾಸಾಗಿದ್ದರೂ ಪೊಲೀಸರು ಯಾಕೆ ತಡೆಯುತ್ತಾರೆ?

ಬ್ರಿಟನ್ನಿಗೆ ಬಂದು ಮನೆ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ ಒಂದು ಹಂತಕ್ಕೆ ಬಂತು ಅನ್ನುವಷ್ಟರಲ್ಲಿ ನಮ್ಮವರು ಕಾರು ಹುಡುಕಲು ಶುರು ಮಾಡುತ್ತಾರೆ. ಹೆಚ್ಚಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ಮಾಲೀಕರು ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿರುತ್ತಾರೆ, ಸೈಲೆನ್ಸರ್ ಬದಲಿಸಿರುತ್ತಾರೆ, ಹೆಡ್‌ಲೈಟಿಗೆ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬ್ ಕೂರಿಸಿರುತ್ತಾರೆ. ನೋಡಲು ಚೆಂದ, ಬೆಲೆಯೂ ಕಮ್ಮಿ, ಹೋದ ವಾರವಷ್ಟೇ ಎಂಒಟಿ ಬೇರೆ ಆಗಿದೆ. ಕೊಂಡು ತಿಂಗಳಾಗುವ ಮೊದಲೇ ಹಿಂದಿನಿಂದ ಪೊಲೀಸ್ ಕಾರಿನ ನೀಲಿ ದೀಪ ಕಾಣಿಸುತ್ತದೆ. ಆಗ ನಮ್ಮವರು ಮೊದಲು ಹೇಳುವ ಮಾತು, 'ಎಂಒಟಿ ಪಾಸಾಗಿದೆಯಲ್ಲ ಸಾರ್' ಎಂದು. ಆ ಮಾತು ಇಲ್ಲಿ ನಡೆಯುವುದಿಲ್ಲ. ಯಾಕೆಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಹೊಸದಾಗಿ ಬಂದಿರುವ ಮನೆಮಂದಿಗೆ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು.

ಊರಿನಲ್ಲಿ ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬುವತನಕ ಎಫ್‌ಸಿ ಚಿಂತೆ ಇಲ್ಲ. ದಾವಣಗೆರೆ ಆರ್‌ಟಿಒ ಕಚೇರಿಯ ಮುಂದೆ ಎಫ್‌ಸಿಗಾಗಿ ಸಾಲುಗಟ್ಟುವುದು ಲಾರಿ, ಬಸ್ಸು, ಟ್ಯಾಕ್ಸಿಗಳು. ಇಲ್ಲಿ ಹಾಗಲ್ಲ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ ಆಗಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಮಾತ್ರ 4 ವರ್ಷ. ಆದರೆ ಆ ಪ್ರಮಾಣಪತ್ರ ಹೇಳುವುದು ಪರೀಕ್ಷೆ ಮಾಡಿದ ಹೊತ್ತಿನಲ್ಲಿ ಗಾಡಿ ಹೇಗಿತ್ತು ಎಂಬುದನ್ನಷ್ಟೆ. ಮರುದಿನ ಟೈರು ಸವೆದಿದ್ದರೆ, ಬ್ರೇಕ್ ಲೈಟ್ ಕೆಟ್ಟಿದ್ದರೆ ಅದರ ಹೊಣೆ ಸ್ಟೇರಿಂಗ್ ಹಿಡಿದವರದ್ದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾನೂನು ಬೇಡವೆನ್ನುವ ಎಲ್ಲವನ್ನೂ ಎಂಒಟಿಯಲ್ಲಿ ನೋಡುವುದಿಲ್ಲ. ಮುಂದಿನ ಬಾಗಿಲುಗಳ ಗಾಜು ಎಷ್ಟು ಕಪ್ಪಗಿದೆ ಎಂದು ಅಳೆಯುವುದು ಆ ಪರೀಕ್ಷೆಯಲ್ಲಿಲ್ಲ. ಅದನ್ನು ಅಳೆಯುವವರು ರಸ್ತೆಯಲ್ಲಿ ಮೀಟರ್ ಹಿಡಿದು ಬರುವ ಪೊಲೀಸರು. ಹಾಗಾಗಿ ಎಂಒಟಿ ಪಾಸಾದ ಕಾರು ಅದೇ ದಿನ ಸಂಜೆ ಕಾನೂನಿನ ಕಣ್ಣಿಗೆ ತಪ್ಪಾಗಿ ಕಂಡರೆ ಅದರಲ್ಲಿ ಪೊಲೀಸರ ಹಟ ಏನೂ ಇಲ್ಲ.

ಗಾಜಿನ ಲೆಕ್ಕ ನಮ್ಮ ಕಡೆಯವರಿಗೆ ವಿಶೇಷವಾಗಿ ಗೊತ್ತಿರಬೇಕು. ಜಗಳೂರಿನ ಬಿಸಿಲಲ್ಲಿ ಓಡಾಡಿದವರಿಗೆ ಸನ್ ಫಿಲ್ಮ್ ಇಲ್ಲದ ಕಾರು ಕಾರೇ ಅಲ್ಲ ಎನಿಸುತ್ತದೆ. ಭಾರತದ ಮೋಟಾರು ವಾಹನ ನಿಯಮದಲ್ಲೇ ಮುಂದಿನ, ಹಿಂದಿನ ಗಾಜು ಶೇ 70, ಪಕ್ಕದ ಗಾಜು ಶೇ 50 ಬೆಳಕು ಬಿಡಬೇಕೆಂದಿದೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಬ್ರಿಟನ್ನಿನಲ್ಲಿ 1985ರ ಏಪ್ರಿಲ್ 1ರಿಂದೀಚೆಗೆ ರಸ್ತೆಗಿಳಿದ ಕಾರುಗಳ ಮುಂದಿನ ಗಾಜು ಶೇ 75, ಚಾಲಕರ ಅಕ್ಕಪಕ್ಕದ ಗಾಜು ಶೇ 70 ಬೆಳಕು ಬಿಡಬೇಕು. ಅಂದರೆ ಊರಿನಲ್ಲಿ ನಿಯಮಕ್ಕೆ ಒಪ್ಪುವ ಪಕ್ಕದ ಗಾಜೂ ಇಲ್ಲಿ ಕಪ್ಪು ಗಾಜೇ. ಹಿಂದಿನ ಸೀಟಿನ ಗಾಜುಗಳಿಗೆ ಇಲ್ಲಿ ಮಿತಿ ಇಲ್ಲ, ಮಗುವಿಗೆ ಬಿಸಿಲು ತಾಗಬಾರದೆಂದರೆ ಅಲ್ಲಿ ಹಾಕಿಸಿಕೊಳ್ಳಿ.

ಹೊಸ ಕಾರಿನ ಪೂಜೆಯ ಬಗ್ಗೆ ಒಂದು ಮಾತು. ಪೂಜೆ ಖಂಡಿತ ಮಾಡಿ. ಆದರೆ ಅರಿಶಿನ, ಕುಂಕುಮ ನಂಬರ್ ಪ್ಲೇಟಿನ ಮೇಲೆ ಬಳಿದಿದ್ದರೆ ಹೊರಡುವ ಮೊದಲು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪ್ಲೇಟಿನ ಮೇಲೆ ಇಳಿಬಿದ್ದ ಹೂವಿನ ಹಾರವನ್ನೂ ಬಿಚ್ಚಿ. ಅಕ್ಷರ ಮುಚ್ಚಿದ ಪ್ಲೇಟಿಗೆ 1,000 ಪೌಂಡ್‌ವರೆಗೆ ದಂಡವಿದೆ. ಚಳಿಗಾಲದ ಹಿಮಕ್ಕೂ, ಕೆಸರಿಗೂ ಇದೇ ನಿಯಮ. ಪ್ಲೇಟಿನ ಮೇಲೆ ಕನ್ನಡ ಬಾವುಟ, ಭಾರತದ ಬಾವುಟ ಹಾಕಿಸುವಂತಿಲ್ಲ. ಅಕ್ಷರಗಳ ಆಕಾರ, ಅಂತರ ಬದಲಿಸುವಂತಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಈಗ ಎಲ್ಲರ ಗಾಡಿ ನಂಬರೂ ಕೆಎ-17. ಆ ಅಭಿಮಾನಕ್ಕೆ ಹಿಂದಿನ ಗಾಜಿನ ಒಂದು ಮೂಲೆಯಲ್ಲಿ ಪುಟ್ಟ ಸ್ಟಿಕ್ಕರ್ ಅಂಟಿಸಿದರೆ ಯಾರೂ ಕೇಳುವುದಿಲ್ಲ. ಮುಂದಿನ ಗಾಜಿನಲ್ಲಿ ಮಾತ್ರ ಬೇಡ. ಸೂಳೆಕೆರೆ ಸಿದ್ದೇಶ್ವರನ ಹೆಸರಿರಲಿ, ತೀರ್ಥರಾಮೇಶ್ವರನ ಹೆಸರಿರಲಿ, ಸ್ಟೇರಿಂಗ್‌ನ ನೇರಕ್ಕೆ ವೈಪರ್ ಒರೆಸುವ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಅಡ್ಡಿ ಇರಬಾರದು, ವೈಪರ್ ಓಡುವ ಉಳಿದ ಜಾಗದಲ್ಲಿ 40 ಮಿಲಿಮೀಟರ್ ಮೀರಬಾರದು. ಇದು ಎಂಒಟಿಯಲ್ಲೂ ಫೇಲ್ ಆಗುವ ವಿಷಯ. ದೇವರ ಪುಟ್ಟ ಮೂರ್ತಿಯನ್ನು ದೃಷ್ಟಿಗೆ ಅಡ್ಡವಾಗದಂತೆ ಡ್ಯಾಶ್‌ಬೋರ್ಡಿನ ತಗ್ಗಿನಲ್ಲಿಡಿ.

ಹ್ಯಾಲೊಜನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಕೂರಿಸಿದರೆ ಎಂಒಟಿ ಫೇಲ್. ಡೀಸೆಲ್ ಕಾರಿನ ಹೊಗೆ ಶೋಧಕವನ್ನು ಕಿತ್ತು ಹಾಕಿಸಿದ್ದರೂ ಫೇಲ್. ರಾಗ ಹಾಡುವ ಹಾರ್ನ್, ಸದ್ದು ಹೆಚ್ಚುವಂತೆ ಬದಲಿಸಿದ ಸೈಲೆನ್ಸರ್, ನೀಲಿ ದೀಪ ಯಾವುದಕ್ಕೂ ಅವಕಾಶವಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಟೈರಿಗೆ. ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಗೀರಿನ ಆಳ 1.6 ಮಿಲಿಮೀಟರ್ ಇರಲೇಬೇಕು. ಒಂದು 20 ಪೆನ್ಸ್ ನಾಣ್ಯವನ್ನು ಗೀರಿನೊಳಗೆ ಇಳಿಸಿ ನೋಡಿ. ನಾಣ್ಯದ ಹೊರ ಅಂಚಿನ ಪಟ್ಟಿ ಕಾಣಿಸಿದರೆ ಟೈರು ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ. ಒಂದು ಬೋಳು ಟೈರಿಗೆ ಲೈಸೆನ್ಸಿನ ಮೇಲೆ 3 ದಂಡದ ಪಾಯಿಂಟು, ಪ್ರಕರಣ ಕೋರ್ಟಿಗೆ ಹೋದರೆ 2,500 ಪೌಂಡ್‌ವರೆಗೆ ದಂಡ. ಎರಡು ಟೈರು ಬೋಳಾಗಿದ್ದರೆ 6 ಪಾಯಿಂಟು. ನಮ್ಮವರಿಗೆ ಹೊಡೆತ ಬೀಳುವುದು ಇಲ್ಲಿಯೇ. ಇಲ್ಲಿನ ಡ್ರೈವಿಂಗ್ ಪರೀಕ್ಷೆ ಮೊದಲ ಸಲ ಪಾಸಾದ 2 ವರ್ಷದೊಳಗೆ 6 ಪಾಯಿಂಟು ಬಿದ್ದರೆ ಲೈಸೆನ್ಸೇ ರದ್ದಾಗುತ್ತದೆ, ಥಿಯರಿಯಿಂದ ಹಿಡಿದು ಎಲ್ಲ ಪರೀಕ್ಷೆಯನ್ನೂ ಮತ್ತೆ ಪಾಸಾಗಬೇಕು. ಊರಲ್ಲಿ 20 ವರ್ಷ ಗಾಡಿ ಓಡಿಸಿದ ಅನುಭವ ಈ ಲೆಕ್ಕಕ್ಕೆ ಬರುವುದಿಲ್ಲ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದಂದಿನಿಂದ 12 ತಿಂಗಳು ಮಾತ್ರ ಓಡಿಸಬಹುದಾದ್ದರಿಂದ ಹೊಸದಾಗಿ ಬಂದವರಲ್ಲಿ ಬಹುತೇಕ ಎಲ್ಲರೂ ಈ 2 ವರ್ಷದ ಅವಧಿಯನ್ನು ದಾಟಲೇಬೇಕು. ಹೆಂಡತಿ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗುವುದು ಒಂದೇ ಕಾರಿನಲ್ಲಿ ಎನ್ನುವ ಮನೆಗೆ ಸವೆದ ಎರಡು ಟೈರು ಎಷ್ಟು ದೊಡ್ಡ ಪೆಟ್ಟು ಕೊಡಬಲ್ಲವು ಎಂಬುದನ್ನು ಯೋಚಿಸಿ.

ಇನ್ನು ಪೊಲೀಸರು ನಿಲ್ಲಿಸಿದಾಗ. 1988ರ ರಸ್ತೆ ಸಂಚಾರ ಕಾಯ್ದೆಯ 163ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಯಾವ ಗಾಡಿಯನ್ನಾದರೂ ನಿಲ್ಲಿಸಬಹುದು, ನಿಲ್ಲದೆ ಹೋಗುವುದೇ ಅಪರಾಧ. ಸುರಕ್ಷಿತ ಜಾಗ ನೋಡಿ ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ಊರಿನಲ್ಲಿ ಇನ್‌ಸ್ಪೆಕ್ಟರ್ ಕೈ ಅಡ್ಡ ಮಾಡಿದರೆ ಗೌರವಕ್ಕೆಂದು ಇಳಿದು ಅವರ ಬಳಿಗೆ ನಡೆದು ಹೋಗುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಅವರು ಕೇಳುವವರೆಗೆ ಸೀಟಿನಲ್ಲೇ ಕೂತಿರಿ, ಕೈ ಸ್ಟೇರಿಂಗ್ ಮೇಲಿರಲಿ. ಎಂಜಿನ್ ಆರಿಸುವ ಮೊದಲೇ ಗಾಬರಿಯಿಂದ ಅಣ್ಣನಿಗೋ ಸ್ನೇಹಿತನಿಗೋ ಫೋನ್ ಮಾಡಲು ಹೋಗಬೇಡಿ. ಚಾಲಕರು ಮೊಬೈಲ್ ಕೈಯಲ್ಲಿ ಹಿಡಿದು ಬಳಸಿದರೆ 200 ಪೌಂಡ್ ದಂಡ, 6 ಪಾಯಿಂಟು. ಗಾಡಿ ನಿಲ್ಲಿಸಿದ್ದ ಕಾರಣ ಏನೋ ಸಣ್ಣದಿದ್ದಿರಬಹುದು, ಈ ಫೋನಿನಿಂದ ಹೊಸ ಚಾಲಕರ ಲೈಸೆನ್ಸೇ ಹೋಗುತ್ತದೆ.

ಕಾರಿನಲ್ಲಿರುವ ಎಲ್ಲರೂ ಒಟ್ಟಿಗೆ ಮಾತಾಡುವುದು ಬೇಡ, ಚಾಲಕರು ಮಾತ್ರ ಉತ್ತರಿಸಲಿ. ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿದರೆ ಹೇಳಲೇಬೇಕು. ಲೈಸೆನ್ಸ್, ಇನ್ಶೂರೆನ್ಸ್, ಎಂಒಟಿ ಪತ್ರ ಆ ಹೊತ್ತಿಗೆ ಜೊತೆಯಲ್ಲಿಲ್ಲವೆಂದು ಹೆದರಬೇಕಿಲ್ಲ. ತೋರಿಸಲು ಸಾಮಾನ್ಯವಾಗಿ 7 ದಿನ ಕೊಡುತ್ತಾರೆ, ನಿಮಗೆ ಅನುಕೂಲವಾದ ಪೊಲೀಸ್ ಠಾಣೆಯ ಹೆಸರು ಹೇಳಬಹುದು. ಯಾಕೆ ನಿಲ್ಲಿಸಿದಿರಿ ಎಂದು ಶಾಂತವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಸುಳ್ಳು ಹೇಳಬೇಡಿ, ಆದರೆ ಕೇಳದೇ ಇದ್ದದ್ದನ್ನು ನೀವಾಗಿಯೇ ಹೇಳುವ ಅಗತ್ಯವೂ ಇಲ್ಲ. 'ಗೊತ್ತಿತ್ತು ಸಾರ್, ಈ ವಾರ ಮಾಡಿಸೋಣ ಅಂತಿದ್ದೆ' ಎಂದು ವಿನಯಕ್ಕೆ ಹೇಳಿದ ಮಾತನ್ನು ಅವರು ಬರೆದುಕೊಳ್ಳುತ್ತಾರೆ. ಬೇಡಿಕೊಂಡರೆ, ದೊಡ್ಡವರ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಹಣ ಕೊಡಲು ಮುಂದಾಗುವುದು 2010ರ ಲಂಚ ಕಾಯ್ದೆಯಡಿ ಗಂಭೀರ ಅಪರಾಧ, ತಮಾಷೆಗೂ ಆ ಮಾತು ಬೇಡ.

ಅಧಿಕಾರಿ ಹೇಳಿದ್ದು ನಿಮಗೆ ಸರಿ ಕಾಣದಿದ್ದರೂ ರಸ್ತೆಯ ಪಕ್ಕದಲ್ಲಿ ವಾದಿಸಿ ಗೆಲ್ಲಲಾಗುವುದಿಲ್ಲ. 'ಕುಡ್ ಐ ಹ್ಯಾವ್ ದಟ್ ಇನ್ ರೈಟಿಂಗ್, ಪ್ಲೀಸ್?' ಎಂದು ಕೇಳಿ. ಅವರ ಸಂಖ್ಯೆ, ಠಾಣೆಯ ಹೆಸರು ಬರೆದುಕೊಳ್ಳಿ. ಎಂಜಿನ್ ಆರಿಸಿ ಕೆಳಗಿಳಿದ ಮೇಲೆ ತಪ್ಪೆಂದು ಹೇಳಿದ ಭಾಗದ ಫೋಟೊ ತೆಗೆದಿಡಿ. ಗಾಜು ಅಳೆದಿದ್ದರೆ ಮೀಟರಿನಲ್ಲಿ ಬಂದ ಸಂಖ್ಯೆ ಎಷ್ಟೆಂದು ಕೇಳಿಕೊಳ್ಳಿ.

ಕೈಗೆ ಬರುವ ಕಾಗದ ಯಾವುದೆಂದು ಗೊತ್ತಿದ್ದರೆ ಅರ್ಧ ಭಯ ಕಮ್ಮಿಯಾಗುತ್ತದೆ. ಸಣ್ಣ ದೋಷಕ್ಕೆ ಕೆಲವು ಕಡೆ ಪೊಲೀಸರು 'ಸರಿಪಡಿಸಿ ತೋರಿಸಿ' ಎಂಬ ಅವಕಾಶ ಕೊಡುತ್ತಾರೆ. 14 ದಿನದೊಳಗೆ ರಿಪೇರಿ ಮಾಡಿಸಿ, ಎಂಒಟಿ ಗ್ಯಾರೇಜಿನಿಂದ ಫಾರ್ಮಿಗೆ ಮುದ್ರೆ ಹಾಕಿಸಿ ಕಳಿಸಿದರೆ ಅಲ್ಲಿಗೆ ಮುಗಿಯಿತು, ದಂಡವಿಲ್ಲ. ಇದನ್ನು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಸೌಜನ್ಯದಿಂದ ಮಾತಾಡಿದವರಿಗೆ ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ನಂಬಿಕೆ. ಎರಡನೆಯದು ನಿಗದಿತ ದಂಡದ ನೋಟಿಸು. ಅದನ್ನು 28 ದಿನದೊಳಗೆ ಕಟ್ಟಬೇಕು, ಇಲ್ಲವೇ ಕೋರ್ಟಿನಲ್ಲಿ ವಿಚಾರಣೆ ಬೇಕೆಂದು ಕೇಳಬೇಕು. ಎರಡನ್ನೂ ಮಾಡದೆ ಡ್ರಾಯರಿನಲ್ಲಿ ಇಟ್ಟುಬಿಟ್ಟರೆ ದಂಡ ಬೆಳೆಯುತ್ತದೆ, ವಿಷಯವೂ ಕೋರ್ಟಿನ ದಾಖಲೆಗೆ ಹೋಗುತ್ತದೆ. ಕೋರ್ಟಿನ ಶಿಕ್ಷೆಯನ್ನು ಮುಂದೆ ವೀಸಾ, ಪೌರತ್ವದ ಅರ್ಜಿಯಲ್ಲಿ ಹೇಳಬೇಕಾಗುತ್ತದೆ. ಮೂರನೆಯದು ನಿಷೇಧ ಪತ್ರ. ಪಿಜಿ9 ಎಂದು ಕರೆಯುತ್ತಾರೆ. ಗಾಡಿ ಅಪಾಯದ ಸ್ಥಿತಿಯಲ್ಲಿದೆ, ಅಲ್ಲಿಂದ ಓಡಿಸುವಂತಿಲ್ಲ ಎಂದು ಅದರಲ್ಲಿದ್ದರೆ ಟೋ ಮಾಡಿಸಿಯೇ ಒಯ್ಯಬೇಕು. 'ಮನೆ ಇಲ್ಲೇ ಎರಡು ಮೈಲಿ' ಎಂದು ಓಡಿಸಿದರೆ ಅದು ಇನ್ನೊಂದು ಅಪರಾಧ.

ಪೊಲೀಸರ ಮಾತು ತಪ್ಪೆಂದು ನಿಜವಾಗಿ ಅನಿಸಿದರೆ ದಾರಿಯಿದೆ. ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಬೇರೆ ಎಂಒಟಿ ಗ್ಯಾರೇಜಿಗೆ ತೋರಿಸಿ ಬರೆಸಿಕೊಳ್ಳಿ, ಬಿಲ್ಲು ಜೋಪಾನ ಮಾಡಿ, ಬೇಕಾದರೆ ವಕೀಲರ ಸಲಹೆ ಪಡೆದು ಕೋರ್ಟಿನಲ್ಲಿ ಹೇಳಿ. ಅಧಿಕಾರಿಯ ನಡವಳಿಕೆ ಕೆಟ್ಟದ್ದಾಗಿದ್ದರೆ, ಬಣ್ಣ ನೋಡಿ ಮಾತಾಡಿದರು ಅನಿಸಿದರೆ, ಆ ಪೊಲೀಸ್ ಪಡೆಗೇ ದೂರು ಕೊಡುವ ವ್ಯವಸ್ಥೆ ಇದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದರ ಮೇಲೆ ಐಒಪಿಸಿ ಎಂಬ ಸ್ವತಂತ್ರ ಸಂಸ್ಥೆಯೂ ಇದೆ. ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತೆಂದು ಸುಮ್ಮನಾಗಬೇಡಿ, ದೂರು ಕೊಡುವುದು ಅಪರಾಧವಲ್ಲ. ಎಂಒಟಿ ಫಲಿತಾಂಶದ ಬಗ್ಗೆಯೇ ತಕರಾರಿದ್ದರೆ ಆ ಪರೀಕ್ಷೆಯ ಉಸ್ತುವಾರಿ ನೋಡುವ ಸರ್ಕಾರಿ ಸಂಸ್ಥೆ ಡಿವಿಎಸ್‌ಎಗೆ 14 ಕೆಲಸದ ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಮರುಪರೀಕ್ಷೆ ಆಗುವವರೆಗೆ ಆ ಭಾಗವನ್ನು ರಿಪೇರಿ ಮಾಡಿಸಬಾರದು, ಮಾಡಿಸಿದರೆ ಪುರಾವೆಯೇ ಹೋಯಿತು. ಪಾಸಾಗಬಾರದ ಕಾರನ್ನು ಪಾಸು ಮಾಡಿ ನಿಮಗೆ ಕಟ್ಟಿದ್ದರೆ 28 ದಿನದೊಳಗೆ, ತುಕ್ಕಿನ ವಿಷಯವಾದರೆ 3 ತಿಂಗಳೊಳಗೆ ದೂರಬಹುದು.

ಇಷ್ಟೆಲ್ಲ ತಪ್ಪಿಸಲು ಕೊಳ್ಳುವ ಮೊದಲು ಹತ್ತು ನಿಮಿಷ ಸಾಕು. ಸರ್ಕಾರಿ ಜಾಲತಾಣದಲ್ಲಿ ನಂಬರ್ ಹಾಕಿದರೆ ಆ ಕಾರಿನ ಎಂಒಟಿ ಚರಿತ್ರೆ ಬಿಟ್ಟಿಯಾಗಿ ಸಿಗುತ್ತದೆ: ಯಾವ ವರ್ಷ ಫೇಲಾಯಿತು, ಎಷ್ಟು ಮೈಲಿ ಓಡಿತ್ತು, ಯಾವ ಟೈರು ಸವೆಯುತ್ತಿದೆ ಎಂದು ಎಚ್ಚರಿಸಿದ್ದರು. ಸತತ ಎರಡು ವರ್ಷ ಬ್ರೇಕ್ ಪೈಪಿಗೆ ತುಕ್ಕು ಎಂದು ಬರೆದಿದ್ದರೆ ಆ ಕಾರು ಬಿಡಿ. ಡೀಲರ್ ಬಳಿ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆಯಂತೆ ದೋಷವಿದ್ದ ಕಾರನ್ನು 30 ದಿನದೊಳಗೆ ಹಿಂದಿರುಗಿಸಬಹುದು. ಖಾಸಗಿ ಮಾರಾಟದಲ್ಲಿ ಅಷ್ಟು ರಕ್ಷಣೆ ಇಲ್ಲ.

ಮಾರ್ಪಾಡು ಏನೇ ಇರಲಿ, ಅಲಾಯ್ ಚಕ್ರವೇ ಆಗಲಿ, ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಹಿಂದಿನವರು ಮಾಡಿಸಿದ್ದು, ನಮಗೇನು ಎಂದು ಬಿಟ್ಟರೆ ಅಪಘಾತವಾದ ದಿನ ಕ್ಲೇಮು ತಿರಸ್ಕರಿಸಬಹುದು. ಇನ್ಶೂರೆನ್ಸ್ ಇಲ್ಲದ ಕಾರೆಂದು ಆದರೆ 300 ಪೌಂಡ್, 6 ಪಾಯಿಂಟು, ಗಾಡಿಯೂ ಜಪ್ತಿ.

ಬೇಸಿಗೆ ರಜೆಗೆ ಊರಿಗೆ ಹೋದಾಗ ತಮ್ಮನ ಬುಲೆಟ್ಟಿಗೋ ಕಾರಿಗೋ ಇಲ್ಲಿಂದ ಸಾಮಾನು ಒಯ್ಯುವವರೂ ಇದ್ದಾರೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್, ಕಂಪನಿ ನೋಂದಾಯಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಎಂದಿದೆ. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ್ದಾರೆ. ಹೆಲ್ಮೆಟ್ ಬೇಕಾದರೆ ಐಎಸ್‌ಐ ಗುರುತಿನದ್ದನ್ನು ದಾವಣಗೆರೆಯಲ್ಲೇ ಕೊಡಿಸಿ.

ಯಾರಿಗಾದರೂ ಇಂಥ ನೋಟಿಸು ಬಂದಿದ್ದರೆ ಅದನ್ನು ನಮ್ಮ ಕೂಟದ ಮುಂದಿನ ಸಭೆಗೆ ತನ್ನಿ. ಅಷ್ಟರೊಳಗೆ ಗಡುವು ಮುಗಿಯುವಂತಿದ್ದರೆ ಇವತ್ತೇ ನನಗೆ ಫೋನ್ ಮಾಡಿ, ಜೊತೆಗೆ ಕೂತು ಓದೋಣ. ನೋಟಿಸಿನ ಮೇಲಿರುವ ತಾರೀಖನ್ನು ಮೊದಲು ಹೇಳಿ.